ಎದುರು ಹೋಟೆಲಿನ ಅಣ್ಣ

ಹೋಟೆಲ್ ಬಂಧುಗಳೇ, ಮಾಟುಂಗದಲ್ಲಿ ನಾವೆಲ್ಲ ‘ಅಣ್ಣ’ ಎಂದೇ ಕರೆಯುತ್ತಿದ್ದ ಹಿರಿಯ ಗೆಳೆಯರು ಈಗ ನಮ್ಮೊಂದಿಗಿಲ್ಲ. ಊರಿನಿಂದ ಬಂದು ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಕಲಿತು ಮಾಲಕರಾದವರು.

ನನ್ನ ಹೋಟೆಲು ಅವರ ಎದುರಿಗೇ. ಒಂದು ದಿನ ನನ್ನ ಗ್ರೈಂಡರ್ ಕೆಟ್ಟಿತು. ಕೇಳುವ ಮೊದಲೇ ಎರಡು ಡಬ್ಬ ಇಡ್ಲಿಹಿಟ್ಟು ಕಳುಹಿಸಿದರು. ಹಣ ಕೊಡಲು ಹೋದರೆ, “ನಾಳೆ ನನ್ನದು ಕೆಟ್ಟರೆ ನೀನು ಕೊಡು ಮಾರಾಯ” ಎಂದರು.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಊರಿಗೆ ಹೋಗಲಾಗದೆ ಉಳಿದ ಹುಡುಗರಿಗೆ, ಯಾವ ಹೋಟೆಲಿನವರೆಂದು ಕೇಳದೆ, ಎರಡು ಹೊತ್ತು ಗಂಜಿ-ಚಟ್ನಿ ಬಡಿಸಿದರು.

ಫೋಟೋಗೆ ಹಾರ ಹಾಕಿದರೆ ಸಾಲದು. ಪಕ್ಕದ ಹೋಟೆಲಿಗೆ ಕಷ್ಟ ಬಂದಾಗ ನಮ್ಮ ಕೈಯೂ ಮುಂದೆ ಬರಲಿ. ಅಣ್ಣನ ಆತ್ಮಕ್ಕೆ ಚಿರಶಾಂತಿ ಸಿಗಲಿ.