ಶಬ್ದವೇ ಚಿತ್ರವಾದಾಗ

ನಾನು ಸೇವೆಯಲ್ಲಿದ್ದ ದಿನಗಳಲ್ಲಿ ಕೆರೆಯೊಂದರ ಬಗ್ಗೆ ರೈತರೊಬ್ಬರ ಅರ್ಜಿ ಬಂದಿತ್ತು. ಏರಿಯ ಬುಡದಲ್ಲಿ ಜಿನುಗುತ್ತಿದ್ದ ನೀರು ಈಗ ‘ಬುಳುಬುಳು’ ಏಳುತ್ತಿದೆ ಎಂಬುದು ಅದರ ಸಾರ. ಕಚೇರಿಯ ಟಿಪ್ಪಣಿಯಲ್ಲಿ ಅದು ‘ಅಲ್ಪ ಪ್ರಮಾಣದ ಸೋರಿಕೆ’ ಎಂದಾಯಿತು. ನಾನು ಸಹಿ ಹಾಕಿದೆ. ಆ ಮಳೆಗಾಲದಲ್ಲಿಯೇ ಏರಿ ಒಡೆದು, ಕೆಳಗಿನ ಗದ್ದೆಗಳು ಕೊಚ್ಚಿಹೋದವು. ಮಣ್ಣಿನ ಏರಿಯಲ್ಲಿ ನೀರು ತುಸು ಜಿನುಗುವುದು ಸಹಜ. ಬುಗ್ಗೆಯಾಗಿ ಏಳುವುದು ಒಳಗಿನ ಮಣ್ಣು ಸವೆಯುತ್ತಿರುವುದರ ಮುನ್ಸೂಚನೆ. ಆ ವ್ಯತ್ಯಾಸವಿದ್ದದ್ದು ನಾವು ಗ್ರಾಮ್ಯವೆಂದು ಕೈಬಿಟ್ಟ ಒಂದು ಪದದಲ್ಲಿ.

ಶಬ್ದಕ್ಕೂ ಅರ್ಥಕ್ಕೂ ಸಹಜ ಸಂಬಂಧವಿಲ್ಲ, ಇರುವುದು ಸಮಾಜದ ಒಡಂಬಡಿಕೆ ಮಾತ್ರ ಎಂಬುದು ಸ್ವಿಸ್ ಭಾಷಾವಿಜ್ಞಾನಿ ಸಸ್ಯೂರನ ಪ್ರಸಿದ್ಧ ತತ್ತ್ವ. ಆತನ ಮರಣಾನಂತರ, 1916ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅನುಕರಣ ಶಬ್ದಗಳಿಗೆ ದೊರೆತದ್ದು ಅಂಚಿನ ಸ್ಥಾನ. ಆದರೆ ‘ಬೌಬಾ’ ಎಂದರೆ ದುಂಡನೆಯ ಆಕೃತಿ, ‘ಕಿಕಿ’ ಎಂದರೆ ಚೂಪಾದ ಆಕೃತಿ ಎಂದು ಹೆಚ್ಚಿನವರು ತಾವಾಗಿಯೇ ಹೊಂದಿಸುತ್ತಾರೆಂಬುದನ್ನು ವಿ.ಎಸ್. ರಾಮಚಂದ್ರನ್ ಮತ್ತು ಹಬ್ಬರ್ಡ್ 2001ರಲ್ಲಿ ಚರ್ಚಿಸಿದರು. 25 ಭಾಷೆಗಳ 917 ಮಂದಿಯನ್ನು ಒಳಗೊಂಡ ಇತ್ತೀಚಿನ ಅಧ್ಯಯನವೂ ಇದನ್ನು ಒಟ್ಟಾರೆಯಾಗಿ ಸಮರ್ಥಿಸಿದೆ; ಎಲ್ಲ ಭಾಷೆಗಳಲ್ಲಿಯೂ ಸಮನಾಗಿ ಅಲ್ಲವೆನ್ನುವುದು ಬೇರೆ ಮಾತು. ರೂಪವೇ ಅರ್ಥವನ್ನು ಹೋಲುವ ಈ ಗುಣವನ್ನು ಭಾಷಾವಿಜ್ಞಾನಿಗಳೂ ಸಾಹಿತ್ಯ ವಿದ್ವಾಂಸರೂ ಒಟ್ಟಾಗಿ ಚರ್ಚಿಸುವ ವಿಚಾರಗೋಷ್ಠಿಗಳ ಸರಣಿ 1997ರಲ್ಲಿ ಜ್ಯೂರಿಚ್‌ನಲ್ಲಿ ಆರಂಭವಾಯಿತು. ಪದದ ಧ್ವನಿಯಷ್ಟೇ ಅಲ್ಲ, ವಾಕ್ಯದ ಕ್ರಮ, ಕವಿತೆಯ ಸಾಲಿನ ಉದ್ದಗಿಡ್ಡಗಳೂ ಈ ಕ್ಷೇತ್ರದ ವಸ್ತುಗಳು.

ಕನ್ನಡಿಗರಿಗೆ ಇದು ಹೊಸತೇನಲ್ಲ. ಜಿಟಿಜಿಟಿ ಮಳೆಗೂ ಧೋ ಎಂದು ಸುರಿಯುವ ಮಳೆಗೂ ಇರುವ ಅಂತರವನ್ನು ನಮ್ಮ ಕಿವಿಯೇ ಅಳೆಯುತ್ತದೆ. ‘ಪಳಪಳ’ದಲ್ಲಿ ಬೆಳಕಿದೆ, ‘ಘಮಘಮ’ದಲ್ಲಿ ಪರಿಮಳವಿದೆ, ಇವು ಯಾವ ಸದ್ದಿನ ಅನುಕರಣೆಯೂ ಅಲ್ಲ. ಇಂತಹ ಪದಗಳು ದ್ರಾವಿಡ, ಆರ್ಯ ಭಾಷೆಗಳೆರಡರಲ್ಲಿಯೂ ಹರಡಿಕೊಂಡಿರುವುದನ್ನು ಎಂ.ಬಿ. ಎಮಿನೊ 1969ರಲ್ಲಿಯೇ ವಿವರಿಸಿದ್ದರು.

ಆದರೂ ನಮ್ಮ ಶಾಲಾ ವ್ಯಾಕರಣ ಇವುಗಳನ್ನು ‘ಅನುಕರಣಾವ್ಯಯ’ ಎಂಬ ಒಂದು ಪಟ್ಟಿಯಲ್ಲಿ ಮುಗಿಸುತ್ತದೆ. ಆಡಳಿತ ಕನ್ನಡವಂತೂ ಇವುಗಳನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಕಡತದ ಭಾಷೆ ನಿಖರವಾಗಿರಬೇಕು, ನಿಜ. ಆದರೆ ಕಂಡವನ ಮಾತಿನಲ್ಲಿರುವ ನಿಖರತೆಯನ್ನು ಅಳಿಸಿದ ಮೇಲೆ ಉಳಿಯುವುದು ಬರಿಯ ಗಾಂಭೀರ್ಯ. ಅರ್ಜಿದಾರನ ಮಾತನ್ನು ಅವನದೇ ಪದಗಳಲ್ಲಿ ದಾಖಲಿಸಿ, ಅನಂತರ ಷರಾ ಬರೆಯುವುದು ಕಷ್ಟದ ಕೆಲಸವೇನಲ್ಲ. ನಾನು ಅದನ್ನು ಕಲಿತದ್ದು ಮಾತ್ರ ಏರಿ ಒಡೆದ ಮೇಲೆ.