ಜಿಮ್‌ಖಾನಾ ಮೈದಾನದ ಹತ್ತು ಓವರುಗಳು

ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿ, ಸರಿತ್ ಸೆಂಟರಿಗೆ ಅನತಿದೂರದ ಮನೆಯೊಂದರಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ, ಗದಗಿನ ಕಡೆಯಿಂದ ಬಂದು ಅಲ್ಲಿ ನೆಲೆನಿಂತ ಗೃಹಸ್ಥರು ನನ್ನ ರೊಟ್ಟಿಯ ಬದಿಗೆ ಶೇಂಗಾ ಹಿಂಡಿ ಬಡಿಸುತ್ತ, “ನಮ್ಮ ಸುನೀಲ ಜೋಶಿ ಹತ್ತು ಓವರಿಗೆ ಆರೇ ರನ್ ಕೊಟ್ಟದ್ದು ಇಲ್ಲೇರಿ ಸರ. ಪಾರ್ಕ್‌ಲ್ಯಾಂಡ್ಸ್ ದಾಟಿದ್ರ ಜಿಮ್‌ಖಾನಾ. ಊಟ ಮುಗಿಸ್ರಿ, ಕರ್ಕೊಂಡ್ ಹೋಗ್ತೀನಿ” ಎಂದರು. ಪತ್ರಿಕೆಯ ಕತ್ತರಿಕೆಗಳಲ್ಲಿ ಮಾತ್ರ ನಾನು ಕಂಡಿದ್ದ ಆ ಸ್ಥಳವು ಇಷ್ಟು ಸಮೀಪದಲ್ಲಿದೆಯೆಂಬ ಅರಿವಾದ ಮೇಲೆ ಆ ಭೋಜನದ ಉಳಿದ ಭಾಗವನ್ನು ನಾನು ಅವಸರದಲ್ಲಿಯೇ ಮುಗಿಸಿದೆನೆಂದು ಹೇಳಬೇಕು.

ಹಿಂದೆ ಫಾರೆಸ್ಟ್ ರೋಡ್ ಎನಿಸಿಕೊಂಡು ಈಗ ವಂಗಾರಿ ಮಥಾಯಿಯವರ ನಾಮಧೇಯವನ್ನು ಧರಿಸಿರುವ ರಸ್ತೆಯ ಆ ಕಡೆಗಿರುವ ನೈರೋಬಿ ಜಿಮ್‌ಖಾನಾ, ವಿಶ್ವಮಟ್ಟದ ಪಂದ್ಯಗಳಿಗೆ ಆತಿಥ್ಯ ನೀಡಿದ ಮೈದಾನವೆಂದು ಒಮ್ಮೆಗೆ ನಂಬಿಕೆ ಬಾರದಷ್ಟು ಆತ್ಮೀಯವಾದುದು. ಪಿಚ್ಚಿನ ಬಳಿ ರೋಲರಿಗೆ ಒರಗಿ ನಿಂತಿದ್ದ ಮೈದಾನದ ಆಳು, ನಮ್ಮ ಗೃಹಸ್ಥರು ಸ್ವಾಹಿಲಿಯಲ್ಲಿ ವಿಚಾರಿಸಿದೊಡನೆ ಮಂಡಿಯೂರಿ ಕುಳಿತು, ಹೆಬ್ಬೆರಳಿನಿಂದ ನೆಲವನ್ನು ಒತ್ತಿ ತೋರಿಸಿದ. ಮೇಲ್ಪದರ ಬಿರುಸಾಗಿತ್ತು, ಕೂದಲೆಳೆಯಂತಹ ಬಿರುಕಿನೊಳಗೆ ಉಗುರು ತೂರಿಸಿದರೆ ಒಳಗೆ ಇನ್ನೂ ತೇವ. ಇಂತಹ ನೆಲದಲ್ಲಿ ಚೆಂಡು ಕೆಲವೊಮ್ಮೆ ತಡೆದು ಬರುತ್ತದೆಂದು ಅವನು ಅಂಗೈಯನ್ನು ನಿಧಾನವಾಗಿ ಮೇಲೆತ್ತಿ ಅಭಿನಯಿಸಿದ.

ಸಮುದ್ರಮಟ್ಟದಿಂದ 1,600 ಮೀಟರಿಗೂ ಎತ್ತರದಲ್ಲಿರುವ ಈ ನಗರದ ತೆಳುವಾದ ಗಾಳಿಯಲ್ಲಿ ಹೊಡೆದ ಚೆಂಡು ದೂರ ಹಾರುವುದು ಸಹಜ. 1996ರ ಅಕ್ಟೋಬರ್ 4ರಂದು ಶಾಹಿದ್ ಅಫ್ರಿದಿ 37 ಎಸೆತಗಳಲ್ಲಿ ಶತಕ ಬಾರಿಸಿದ್ದು ಇದೇ ಅಂಗಳದಲ್ಲಿ. ಅದಾಗಿ ಮೂರು ವರ್ಷವೂ ತುಂಬುವ ಮೊದಲು, 1999ರ ಸೆಪ್ಟೆಂಬರ್ 26ರಂದು, ಎಲ್‌ಜಿ ಕಪ್ ಪಂದ್ಯದಲ್ಲಿ ದಕ್ಷಿಣ ಆಫ್ರಿಕದ ಎದುರು ಜೋಶಿ ಎಸೆದ ಲೆಕ್ಕ: 10 ಓವರು, 6 ಮೇಡನ್, 6 ರನ್, 5 ವಿಕೆಟ್. ಅರವತ್ತು ಎಸೆತಗಳಲ್ಲಿ ಮೂವತ್ತಾರು ಮೇಡನ್ ಓವರುಗಳಿಗೇ ಸಂದವು. ಆರು ರನ್ನುಗಳು ಹುಟ್ಟಿದ್ದು ಮಿಕ್ಕ ನಾಲ್ಕು ಓವರುಗಳಲ್ಲಿ. ಕ್ರೋನ್ಯೆಯವರ ನಾಯಕತ್ವದ ಆ ಪ್ರಬಲ ತಂಡ 117ಕ್ಕೆ ಉರುಳಿತು. ಭಾರತ ಎಂಟು ವಿಕೆಟುಗಳಿಂದ ಗೆದ್ದಿತು. ಪಿಚ್ಚು ಸಹಕರಿಸಿತೆನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪಿಚ್ಚು ಒಂದು ಎಸೆತಕ್ಕೆ ಸಹಕರಿಸೀತು, ಹತ್ತು ಎಸೆತಕ್ಕೆ ಸಹಕರಿಸೀತು. ಅರವತ್ತು ಬಾರಿಯೂ ಚೆಂಡನ್ನು ಬ್ಯಾಟುಗಾರನಿಗೆ ಹೊಡೆಯಲು ತೋಚದ ಆ ಒಂದು ಗೇಣಿನ ಜಾಗದಲ್ಲಿಯೇ ಇಳಿಸುವ ಶಿಸ್ತನ್ನು ಮಣ್ಣು ಕೊಡಲಾರದು. ಬಾಲ್ಯದಲ್ಲಿ ನಸುಕಿನಲ್ಲೆದ್ದು ಗದಗಿನಿಂದ ಅರವತ್ತು ಕಿಲೋಮೀಟರಿನಷ್ಟು ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ವೇಳೆಗೆ ಮರಳುತ್ತಿದ್ದ ಹುಡುಗನ ಶಿಸ್ತು ಅದು.

ಅದೇ ಪಂದ್ಯದಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ಪದಾರ್ಪಣ ಮಾಡಿದ ವಿಜಯ್ ಭಾರದ್ವಾಜ್ ಸರಣಿಯಲ್ಲಿ 10 ವಿಕೆಟ್ ಪಡೆದು ಸರಣಿಶ್ರೇಷ್ಠರಾದರು. ಅಂತಿಮ ಪಂದ್ಯವನ್ನು ಭಾರತ ಸೋತಿತೆಂಬುದು ಆ ಹೊಳಪನ್ನು ಕುಂದಿಸಲಿಲ್ಲ. ಆದರೆ ಅವರ ಪಾಲಿಗೆ ಒದಗಿದ್ದು ಕೇವಲ 3 ಟೆಸ್ಟ್ ಮತ್ತು 10 ಏಕದಿನ ಪಂದ್ಯಗಳು. ಜೋಶಿಯವರಿಗೆ 15 ಮತ್ತು 69. ಇಂದು ಭಾರದ್ವಾಜರ ಧ್ವನಿ ಕನ್ನಡ ವೀಕ್ಷಕ ವಿವರಣೆಯಲ್ಲಿ ನಮ್ಮ ಮನೆಗಳನ್ನು ತಲುಪುತ್ತದೆ. ಜೋಶಿಯವರು ಒಮಾನ್, ಬಾಂಗ್ಲಾದೇಶ, ಅಮೆರಿಕಗಳ ಸ್ಪಿನ್ನರುಗಳಿಗೆ ವಿದ್ಯೆ ಹೇಳಿಕೊಟ್ಟು, 2020ರ ಮಾರ್ಚಿನಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಅಮೆರಿಕದ ಬೇಸ್‌ಬಾಲಿನಲ್ಲಿ ಲೆಫ್ಟಿ ಓ’ಡೌಲರು ತಮ್ಮ ಆಟದ ಕಾಲದಲ್ಲಿಯೂ ಆ ಬಳಿಕವೂ ಜಪಾನಿನಲ್ಲಿ ಆ ಕ್ರೀಡೆಯನ್ನು ಬೇರೂರಿಸಲು ದುಡಿದು, 2002ರಲ್ಲಿ ಅಲ್ಲಿನ ಬೇಸ್‌ಬಾಲ್ ಕೀರ್ತಿಶಾಲೆಯಲ್ಲಿ ಸ್ಥಾನ ಪಡೆದರು. ಸಣ್ಣ ಕ್ರಿಕೆಟ್ ರಾಷ್ಟ್ರಗಳಲ್ಲಿ ಜೋಶಿಯವರು ಮಾಡಿದ ಕೆಲಸವೂ ಅದೇ ಜಾತಿಯದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಮೈದಾನದಲ್ಲಿ ನಿಂತಾಗ ದೊಡ್ಡ ಗಣೇಶರ ನೆನಪಾಗದೆ ಇರುವುದು ಸಾಧ್ಯವಿಲ್ಲ. 1998-99ರ ರಣಜಿ ಋತುವಿನಲ್ಲಿ ಗಣೇಶರು 62 ವಿಕೆಟ್ ಕಿತ್ತರು, ಭಾರದ್ವಾಜರು 1,280 ರನ್ ಗಳಿಸಿದರು, ಕರ್ನಾಟಕ ಮಧ್ಯಪ್ರದೇಶವನ್ನು ಮಣಿಸಿ ಟ್ರೋಫಿಯನ್ನೆತ್ತಿತು. ಪ್ರಥಮ ದರ್ಜೆಯಲ್ಲಿ 365 ವಿಕೆಟ್ ಪಡೆದ ಈ ಬೆಂಗಳೂರಿನ ವೇಗಿಗೆ ಭಾರತದ ಪರ ದೊರೆತವು 1997ರ ನಾಲ್ಕು ಟೆಸ್ಟ್ ಮತ್ತು ಒಂದು ಏಕದಿನ ಪಂದ್ಯ ಮಾತ್ರ. ಅವರನ್ನು ಕೆನ್ಯಾ ತಂಡದ ಮುಖ್ಯ ತರಬೇತುದಾರರೆಂದು 2024ರ ಆಗಸ್ಟಿನಲ್ಲಿ ಘೋಷಿಸಿದಾಗ, 2003ರ ವಿಶ್ವಕಪ್ಪಿನಲ್ಲಿ ಸಂದೀಪ್ ಪಾಟೀಲರ ಮಾರ್ಗದರ್ಶನದಲ್ಲಿ ಸೆಮಿಫೈನಲ್ ತಲುಪಿ, 2011ರ ಬಳಿಕ ಆ ಕಣವನ್ನೇ ಕಾಣದೆ, 2014ರಲ್ಲಿ ಏಕದಿನ ಮಾನ್ಯತೆಯನ್ನೂ ಕಳೆದುಕೊಂಡ ತಂಡಕ್ಕೆ ತಕ್ಕ ಗುರುವೇ ದೊರಕಿದರೆಂದು ನಾನು ಹರ್ಷಿಸಿದ್ದೆ. ದೇಶೀಯ ಕ್ರಿಕೆಟ್ಟಿನ ಬಿಸಿಲಿನಲ್ಲಿ ವರ್ಷಗಟ್ಟಲೆ ಬೌಲ್ ಮಾಡಿದವನಿಗೆ, ಅವಕಾಶ ವಿರಳವಾದ ಆಟಗಾರನ ಮನಸ್ಸು ತಾರೆಯರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಸುಮಾರು ಒಂದು ತಿಂಗಳೊಳಗೇ, ನೇಮಕದ ಕ್ರಮವು ನಿಯಮಾವಳಿಗೆ ಸಮ್ಮತವಲ್ಲವೆಂದು ಕೆನ್ಯಾ ಮಂಡಳಿಯು ಅದನ್ನು ರದ್ದುಪಡಿಸಿತು. ಆಡಳಿತಗಾರರ ಒಳಗಣ ಭಿನ್ನಾಭಿಪ್ರಾಯಕ್ಕೆ, ಪರದೇಶಕ್ಕೆ ಕರೆಸಿಕೊಂಡ ಅತಿಥಿಯನ್ನು ಬಲಿಗೊಟ್ಟುದು ನನಗೆ ಇಂದಿಗೂ ಸಹ್ಯವಾಗಿಲ್ಲ.

“ಅವರನ್ನ ಒಂದು ವರ್ಷ ಇಟ್ಕೊಂಡು ನೋಡಬೇಕಿತ್ತರೀ” ಎಂದು ನಮ್ಮ ಗೃಹಸ್ಥರೂ ನೊಂದುಕೊಂಡರು. ಹಂಗಾಮಿಯಾಗಿ ಭಾರ ಹೊತ್ತವರು ಲಾಮೆಕ್ ಒನ್ಯಾಂಗೋ. ಅವರಿಗೆ ಸಹಾಯಕರಾಗಿ ಜೋಸೆಫ್ ಅಂಗಾರ. ಒನ್ಯಾಂಗೋ 1996ರ ವಿಶ್ವಕಪ್ ತಂಡದಲ್ಲಿ, ಅಂಗಾರ 2003ರ ತಂಡದಲ್ಲಿ ಇದ್ದವರು; ಅವರೂ ಆಟ ಬಿಟ್ಟ ಮೇಲೆ ಆಟವನ್ನು ಬಿಡಲಾರದವರೇ. ಅದೇ ವರ್ಷದ ಅಕ್ಟೋಬರಿನಲ್ಲಿ ನೈರೋಬಿಯಲ್ಲಿಯೇ ನಡೆದ ಟಿ20 ವಿಶ್ವಕಪ್ಪಿನ ಆಫ್ರಿಕ ಅರ್ಹತಾ ಸುತ್ತಿನಲ್ಲಿ, ಜಿಂಬಾಬ್ವೆಯ ಜೊತೆಗೆ ಕೆನ್ಯಾವೂ ಮುಂದಿನ ಹಂತಕ್ಕೆ ಏರಿತು.