ಟ್ಯಾಪೆಟ್ ಕವರಿನ ಅಡಿಯ ಬೆಂಡು

ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಲ್ಲಿದ್ದು, ಅದರ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಬಹುಕಾಲ ದುಡಿದ 1489 ಸಿಸಿ ಎಂಜಿನ್ನು ‘ಬಿ-ಸೀರೀಸ್’ ಎಂಬ ಬ್ರಿಟಿಷ್ ಮನೆತನಕ್ಕೆ ಸೇರಿದೆ. ಎಂಜಿ-ಬಿ ಎಂಬ ಕ್ರೀಡಾಕಾರಿನ 1798 ಸಿಸಿ ಎಂಜಿನ್ನು ಅದೇ ಮನೆತನದ ಇನ್ನೊಂದು ಕುಡಿ. ಈ ಎಂಜಿನ್ನುಗಳ ನೆತ್ತಿಯನ್ನು ಮುಚ್ಚಿರುವ ತಗಡಿನ ಮುಚ್ಚಳದ ಅಂಚಿನಿಂದ ಎಣ್ಣೆ ಜಿನುಗುವುದು ಇಂಥ ಕಾರುಗಳನ್ನು ಇಂದಿಗೂ ಸಾಕಿಕೊಂಡಿರುವವರಿಗೆಲ್ಲ ಪರಿಚಿತವಾದ ಕಾಟವಾಗಿದ್ದು, ಅದರ ದುರಸ್ತಿಯು ಸುಲಭವೆಂದು ಕಂಡರೂ ಪದೇ ಪದೇ ಕೈಕೊಡುತ್ತದೆ.

ಎಂಜಿನ್ನಿನ ಮಗ್ಗುಲಲ್ಲಿ ತಿರುಗುವ ಕ್ಯಾಮ್ ದಂಡವು ಟ್ಯಾಪೆಟ್ ಎಂಬ ಲೋಹದ ಗುಂಡಿಗಳನ್ನು ಎತ್ತಿದಾಗ ಅವುಗಳ ಮೇಲೆ ನಿಂತ ಉದ್ದನೆಯ ಕಡ್ಡಿಗಳು, ಎಂದರೆ ಪುಶ್ ರಾಡುಗಳು, ಮೇಲಿನ ರಾಕರ್‌ಗಳನ್ನು ಏತದಂತೆ ತೂಗಿಸಿ ವಾಲ್ವುಗಳನ್ನು ತೆರೆಯುತ್ತವೆ. ಪೊಳ್ಳಾದ ರಾಕರ್ ದಂಡದೊಳಗಿಂದ ಬಂದ ಎಣ್ಣೆ ಈ ಭಾಗಗಳನ್ನು ತೋಯಿಸಿ, ಪುಶ್ ರಾಡಿನ ರಂಧ್ರಗಳ ಮೂಲಕ ಕೆಳಗಿಳಿಯುತ್ತದೆ. ಅದು ಹೊರಗೆ ಚಿಮ್ಮದಂತೆ ತಡೆಯುವ ಮುಚ್ಚಳವನ್ನು ಇಂಗ್ಲಿಷ್ ಕೈಪಿಡಿಗಳು ರಾಕರ್ ಕವರ್ ಎಂದರೆ ನಮ್ಮ ಗ್ಯಾರೇಜುಗಳು ಟ್ಯಾಪೆಟ್ ಕವರ್ ಎನ್ನುತ್ತವೆ; ನಿಜವಾದ ಟ್ಯಾಪೆಟ್‌ಗಳು ಅದರ ಅಡಿಯಲ್ಲಿ ಇಲ್ಲವೇ ಇಲ್ಲ ಎಂಬುದು ಬೇರೆ ಮಾತು.

ಮುಚ್ಚಳಕ್ಕೂ ಸಿಲಿಂಡರ್ ಹೆಡ್ಡಿಗೂ ನಡುವೆ ಕೂರುವ ಪ್ಯಾಕಿಂಗ್ ಸಾಮಾನ್ಯವಾಗಿ ಕಾರ್ಕ್‌ನದು, ಎಂದರೆ ಪೋರ್ಚುಗಲ್ ಮುಂತಾದ ಕಡೆ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆಯಿಂದ ಮಾಡಿದ ಬೆಂಡಿನದು. ರಬ್ಬರನ್ನು ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕ್ ಮಾತ್ರ ತನ್ನೊಳಗಿನ ಗಾಳಿ ತುಂಬಿದ ಸಣ್ಣ ಕೋಶಗಳು ಕುಗ್ಗುವುದರಿಂದ ಹೆಚ್ಚುಕಡಿಮೆ ಇದ್ದಲ್ಲೇ ಅಡಕವಾಗಿ, ತಗಡಿನ ಸಣ್ಣಪುಟ್ಟ ಏರುತಗ್ಗುಗಳನ್ನು ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಕಾವು ತಿಂದು ಈ ಗುಣ ಕಳೆದುಕೊಂಡ ಪಟ್ಟಿ ಹಪ್ಪಳದಂತೆ ಗರಿಗರಿಯಾಗುತ್ತದೆ. ಎಂಜಿನ್ನಿನ ಎಡಮಗ್ಗುಲಲ್ಲೇ ಎಗ್ಸಾಸ್ಟ್ ಮ್ಯಾನಿಫೋಲ್ಡ್, ಎಂದರೆ ಸುಟ್ಟ ಹೊಗೆಯನ್ನು ಒಯ್ಯುವ ಎರಕದ ಕೊಳವೆ, ಇರುವುದರಿಂದ ಆ ಬದಿಯಲ್ಲಿ ಸೋರಿದ ಎಣ್ಣೆ ಅದರ ಮೇಲೆ ಬಿದ್ದು ಸೀದು, ಕಾರಿನೊಳಗೆ ಕೂತವರ ಮೂಗಿಗೇ ಮೊದಲು ತಿಳಿಯುತ್ತದೆ.

ಆದರೆ ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಸೋರಿಕೆ ಮರುಕಳಿಸಿದರೆ, ದೋಷ ಬಹುಪಾಲು ಬೆಂಡಿನದಲ್ಲ, ಬಿಗಿದ ಕೈಯದು. ಮುಚ್ಚಳವನ್ನು ಹಿಡಿದಿರುವುದು ನಡುಗೆರೆಯಲ್ಲಿರುವ ಎರಡೇ ನಟ್ಟುಗಳು. ಎಂಜಿ-ಬಿ ಕೈಪಿಡಿಯು ಅವುಗಳಿಗೆ ಹೇಳಿರುವ ಬಿಗಿತ 4 ಪೌಂಡ್-ಅಡಿ, ಅಂದರೆ ಗೇಣುದ್ದದ ಪಾನದ ತುದಿಗೆ ಎರಡೂವರೆ ಕಿಲೋ ತೂಗುಹಾಕಿದಷ್ಟು ಬಲ. ಸಿಲಿಂಡರ್ ಹೆಡ್ಡಿನ ನಟ್ಟುಗಳು ಇದರ ಹತ್ತು ಪಟ್ಟಿಗೂ ಹೆಚ್ಚು ಬಲವನ್ನು ಬೇಡುವುದರಿಂದ, ಅದೇ ಅಭ್ಯಾಸದ ಕೈ ಇಲ್ಲಿಯೂ ಜಗ್ಗಿದಾಗ ತಗಡಿನ ನೆತ್ತಿ ತಗ್ಗಿ ಅಂಚು ಅಲೆಯಲೆಯಾಗುತ್ತದೆ. ಸೋರಿತೆಂದು ಮತ್ತೆ ಬಿಗಿದರೆ ಅಂಚು ಇನ್ನಷ್ಟು ಸೊಟ್ಟಗಾಗುತ್ತದೆ.

ಹೀಗಾಗಿ ಬಲ್ಲ ಮೆಕ್ಯಾನಿಕ್ಕು ತಣ್ಣಗಾದ ಎಂಜಿನ್ನಿನಿಂದ ಮುಚ್ಚಳವನ್ನು ಬಿಚ್ಚಿದ ಕೂಡಲೇ ಹೊಸ ಪಟ್ಟಿಗೆ ಕೈಹಾಕುವುದಿಲ್ಲ. ಅಂಟಿಕೊಂಡ ಮುಚ್ಚಳದ ಸಂದಿಗೆ ಸ್ಕ್ರೂ ಡ್ರೈವರ್ ತೂರಿಸದೆ, ಪಕ್ಕದಿಂದ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಸಡಿಲಿಸಿ, ಬೆಂಡಿನ ಚೂರುಗಳು ಎಣ್ಣೆಯ ತೊಟ್ಟಿಗೆ ಇಳಿಯದಂತೆ ಪುಶ್ ರಾಡಿನ ರಂಧ್ರಗಳ ಬಳಿ ಬಟ್ಟೆ ತುರುಕಿ, ಹಳೆಯ ಅಂಟನ್ನು ಕೆರೆದು ಒರೆಸುತ್ತಾನೆ. ಆಮೇಲೆ ಮುಚ್ಚಳವನ್ನು ಗಾಜಿನ ಹಲಗೆಯ ಮೇಲಿಟ್ಟು, ಬೆಳಕು ನುಸುಳುವ ಕಡೆಗಳನ್ನು ಗುರುತಿಸಿ, ಅಂಚನ್ನು ಮರದ ತುಂಡಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಮಟ್ಟಕ್ಕೆ ತರುತ್ತಾನೆ. ದುರಸ್ತಿಯ ಮುಕ್ಕಾಲು ಪಾಲು ಇದೇ. ಅಂಗಡಿಯಲ್ಲಿ ಬಹುದಿನ ಕೂತು ಒಣಗಿ ಕಿರಿದಾದ ಕಾರ್ಕ್ ಪಟ್ಟಿಯನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿದರೆ ಅದು ಮತ್ತೆ ಅಳತೆಗೆ ಬರುತ್ತದೆ. ಅಂಟು ಬೀಳಬೇಕಾದುದು ಮುಚ್ಚಳದ ಕಡೆಗೆ ಮಾತ್ರ: ಹೆಡ್ಡಿನ ಕಡೆ ಗ್ರೀಸಿನ ತೆಳುವಾದ ಲೇಪವಿದ್ದರೆ ಮುಂದಿನ ಸಲ ತೆರೆದಾಗ ಪಟ್ಟಿ ಹರಿಯದೆ ಮುಚ್ಚಳದ ಜೊತೆಗೇ ಎದ್ದುಬರುತ್ತದೆ. ನಟ್ಟುಗಳ ಅಡಿಯ ರಬ್ಬರ್ ಬುಷ್‌ಗಳು ಕಲ್ಲಾಗಿದ್ದರೆ ಎಣ್ಣೆ ಅಲ್ಲಿಂದಲೂ ಮೇಲೇರುವುದರಿಂದ ಅವನ್ನೂ ಬದಲಿಸುವುದು ರೂಢಿ.

ಅಂಚು, ಪಟ್ಟಿ ಎರಡೂ ಸರಿಯಿದ್ದು ಎಣ್ಣೆ ಬರುತ್ತಿದ್ದರೆ ಉಸಿರುಗೊಳವೆಯನ್ನು ನೋಡಬೇಕಾಗುತ್ತದೆ. ಪಿಸ್ಟನ್ ಉಂಗುರಗಳ ಸಂದಿಯಿಂದ ಎಂಜಿನ್ನಿನ ಒಡಲಿಗೆ ನುಸುಳುವ ಅನಿಲ ಹೊರಹೋಗಲು ಇರುವ ಈ ಕೊಳವೆ ಮಡ್ಡಿಯಿಂದ ಕಟ್ಟಿಕೊಂಡಾಗ, ಒಳಗಿನ ಒತ್ತಡ ಎಷ್ಟು ಚೊಕ್ಕವಾಗಿ ಕೂರಿಸಿದ ಪ್ಯಾಕಿಂಗನ್ನೂ ದಾಟಿ ಎಣ್ಣೆಯನ್ನು ನೂಕುತ್ತದೆ.

ಇಷ್ಟಾದರೂ ನಿಲ್ಲದ ಸೋರಿಕೆಯ ಮೂಲ ಹಲವು ಬಾರಿ ಮೇಲಿನ ಮುಚ್ಚಳವಾಗಿರದೆ, ಎಂಜಿನ್ನಿನ ಎಡಮಗ್ಗುಲಲ್ಲಿ ಟ್ಯಾಪೆಟ್‌ಗಳನ್ನು ನಿಜಕ್ಕೂ ಮುಚ್ಚಿರುವ ಎರಡು ಚಿಕ್ಕ ತಗಡುಗಳಾಗಿರುತ್ತದೆ. ಅವಕ್ಕೂ ಪ್ಯಾಕಿಂಗ್ ಉಂಟು. ಆದರೆ ಅವು ಮ್ಯಾನಿಫೋಲ್ಡಿನ ಮರೆಯಲ್ಲಿ ಕೂತಿರುವುದರಿಂದ ಅಲ್ಲಿಗೆ ಕೈ ತಲುಪಬೇಕಾದರೆ ಕಾರ್ಬ್ಯುರೇಟರ್, ಮ್ಯಾನಿಫೋಲ್ಡುಗಳನ್ನೆಲ್ಲ ಇಳಿಸುವ ಕೆಲಸ ಎದುರಾಗುತ್ತದೆ. ಕಾರು ನಿಲ್ಲುವ ಜಾಗದಲ್ಲಿ ಹಳೆಯ ತಗಡಿನ ತಟ್ಟೆಯೊಂದನ್ನು ಇಟ್ಟು ಸುಮ್ಮನಾಗುವ ಮಾಲೀಕರೂ ಇದ್ದಾರೆ.